ಕೆಳಗಿನ ಹೊಲಿಗೆ ಮಾಯುವ ಬಗೆ: ಬಾಣಂತಿಗೂ ಬಾಣಂತನ ಮಾಡುವವರಿಗೂ

ಸಹಜ ಹೆರಿಗೆಯಾಗಿ ಮನೆಗೆ ಹೊರಟ ಬಾಣಂತಿಯ ಕೈಗೆ ಆಸ್ಪತ್ರೆಯವರು ಒಂದು ಡಿಸ್ಚಾರ್ಜ್ ಚೀಟಿ ಕೊಡುತ್ತಾರೆ. ಅದರಲ್ಲಿರುವ ಮಗುವಿನ ತೂಕ, ಹುಟ್ಟಿದ ಹೊತ್ತು, ಹಾಕಿದ ಲಸಿಕೆಗಳ ವಿವರವನ್ನು ಮನೆಮಂದಿಯೆಲ್ಲ ಓದುತ್ತಾರೆ. ಅದೇ ಚೀಟಿಯಲ್ಲಿ ಎಲ್ಲೋ ಒಂದು ಸಾಲಿನಲ್ಲಿ 'ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ' ಎಂದು ಗೀಚಿರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ದಿನ ತುಂಬಿ ಸಹಜವಾಗಿ ಹೆರಿಗೆಯಾಗಿದೆ, ಮಗು ಹೊರಬರಲು ದಾರಿ ಮಾಡಿಕೊಡಲು ಯೋನಿಯ ಕೆಳ ಅಂಚಿನಿಂದ ಬಲಕ್ಕೆ ಓರೆಯಾಗಿ ಕತ್ತರಿಸಿ, ಆಮೇಲೆ ಹೊಲಿಯಲಾಗಿದೆ ಎಂಬುದು ಆ ಅಕ್ಷರಗಳ ಅರ್ಥ. ನನ್ನ ಮೊದಲ ಹೆರಿಗೆಯಲ್ಲಿ ಈ ಅರ್ಥ ನನಗೆ ತಿಳಿದದ್ದು ಒಂಬತ್ತನೆಯ ದಿನ, ಅದೂ ಮಗುವನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಚೀಟಿಯನ್ನು ತಿರುವಿ ನೋಡಿ "ಹೊಲಿಗೆ ಹೇಗಿದೆ?" ಎಂದು ಕೇಳಿದ ಮೇಲೆ. ಅಲ್ಲಿಯವರೆಗೆ 'ಎರಡು ಹೊಲಿಗೆ ಹಾಕಿದ್ದೇವೆ' ಎಂಬ ಮಾತೊಂದನ್ನು ಬಿಟ್ಟರೆ ನನಗೂ ನನ್ನ ತಾಯಿಗೂ ಬೇರೇನೂ ಗೊತ್ತಿರಲಿಲ್ಲ. ಎಲ್ಲಿ, ಎಷ್ಟು ಆಳ, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕೇಳುವ ಧೈರ್ಯವೂ ಇರಲಿಲ್ಲ.

ಆದ್ದರಿಂದ ಮೊದಲ ಕೆಲಸ ಕೇಳುವುದು. ಆಸ್ಪತ್ರೆ ಬಿಡುವ ಮುನ್ನ ವೈದ್ಯರನ್ನೋ ನರ್ಸ್ ಅನ್ನೋ ನಿಲ್ಲಿಸಿ, ಇದು ಕತ್ತರಿಸಿದ ಗಾಯವೇ ಅಥವಾ ತಾನಾಗಿ ಹರಿದದ್ದೇ, ಎಷ್ಟನೆಯ ಹಂತದ್ದು, ಹಾಕಿದ ದಾರ ತಾನೇ ಕರಗುವಂಥದ್ದೇ ಎಂದು ಕೇಳಿ ತಿಳಿದುಕೊಳ್ಳಬೇಕು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೊದಲ ಬಾರಿ ಸಹಜ ಹೆರಿಗೆಯಾಗುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯವರೆಗೂ ಒಂದಲ್ಲ ಒಂದು ಬಗೆಯ ಗೀರು, ಸೀಳು ಅಥವಾ ಕತ್ತರಿಕೆ ಆಗುತ್ತದೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಹೇಳುತ್ತದೆ.

ಯೋನಿಗೂ ಗುದದ್ವಾರಕ್ಕೂ ನಡುವೆ ಇರುವ ಚರ್ಮ ಮತ್ತು ಸ್ನಾಯುಗಳ ಭಾಗವನ್ನು ವೈದ್ಯರು ಪೆರಿನಿಯಂ ಎನ್ನುತ್ತಾರೆ. ಮಗುವಿನ ತಲೆ ಹೊರಬರುವಾಗ ಅತಿ ಹೆಚ್ಚು ಹಿಗ್ಗುವ ಜಾಗ ಇದು. ಚರ್ಮ ಮಾತ್ರ ಹರಿದರೆ ಮೊದಲ ಹಂತ, ಅದರಡಿಯ ಸ್ನಾಯುವೂ ಹರಿದರೆ ಎರಡನೆಯ ಹಂತ, ಗುದದ್ವಾರವನ್ನು ಬಿಗಿಹಿಡಿಯುವ ಬಳೆಯಂಥ ಸ್ನಾಯುವಿನವರೆಗೆ ಹರಿದರೆ ಮೂರನೆಯ ಹಂತ, ಮಲಾಶಯದ ಒಳಪದರವೂ ಸೀಳಿದರೆ ನಾಲ್ಕನೆಯ ಹಂತ ಎಂದು ಎಣಿಸುತ್ತಾರೆ. ಎಪಿಸಿಯಾಟಮಿ ಎಂದು ಕರೆಯುವ ಕತ್ತರಿಕೆ ಆಳದಲ್ಲಿ ಸುಮಾರಾಗಿ ಎರಡನೆಯ ಹಂತಕ್ಕೆ ಸಮ. ಎಲ್ಲ ಹೆರಿಗೆಗೂ ವಾಡಿಕೆಯಂತೆ ಕತ್ತರಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಹೇಳಿದ್ದರೂ ನಮ್ಮ ಕಡೆ ಚೊಚ್ಚಲ ಹೆರಿಗೆ ಎಂದರೆ ಕತ್ತರಿ ಎಂಬ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮುಂದೆ ಹೇಳುವ ಆರೈಕೆ ಮೊದಲ ಎರಡು ಹಂತಗಳಿಗೂ ಎಪಿಸಿಯಾಟಮಿಗೂ ಒಂದೇ. ಮೂರು ಮತ್ತು ನಾಲ್ಕನೆಯ ಹಂತದ ಗಾಯಕ್ಕೆ ಇದರ ಜೊತೆಗೆ ಬೇಕಾದದ್ದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಮೊದಲ ಮೂರು ದಿನ

ಹೊಲಿಯುವಾಗ ಕೊಟ್ಟ ಮರಗಟ್ಟಿಸುವ ಚುಚ್ಚುಮದ್ದಿನ ಪ್ರಭಾವ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ, ಆಗ ಉರಿ, ಜಗ್ಗಿದಂಥ ನೋವು ಮತ್ತು ಬಾವು ಒಟ್ಟಿಗೇ ತಿಳಿಯತೊಡಗುತ್ತವೆ. ಈ ಹೊತ್ತಿನಲ್ಲಿ ಹೆಚ್ಚು ಉಪಕಾರಿಯಾದದ್ದು ತಂಪು. ನಾಲ್ಕಾರು ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಪ್ಯಾಡಿನ ಜಾಗದಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಬೇಕು, ಬೇಕೆನಿಸಿದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಬಹುದು. ಐಸನ್ನು ಬಟ್ಟೆಯಿಲ್ಲದೆ ನೇರವಾಗಿ ಚರ್ಮಕ್ಕೆ ತಾಗಿಸಬಾರದು. 'ಬಾಣಂತಿಗೆ ಐಸೇ? ಸನ್ನಿ ಹಿಡಿದೀತು' ಎಂಬ ಮಾತು ಮನೆಯಲ್ಲಿ ಖಂಡಿತ ಬರುತ್ತದೆ. ಬಾವು ಬಂದ ಅಂಗೈಯಗಲ ಜಾಗಕ್ಕೆ ಹತ್ತು ನಿಮಿಷ ಇಡುವ ತಂಪು ಮೈಗೆ ಶೀತವಾಗಿ ಏರುವುದೂ ಇಲ್ಲ, ಎದೆಹಾಲಿಗೆ ಇಳಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಬಾಣಂತನದ ಶಿಫಾರಸುಗಳಲ್ಲೇ ಈ ತಂಪಿನ ಉಪಚಾರವಿದೆ ಎಂಬುದನ್ನು ಹಿರಿಯರಿಗೆ ತಿಳಿಸಿ ಹೇಳಬಹುದು.

ನೋವಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. 500 ಅಥವಾ 650 ಮಿ.ಗ್ರಾಂ. ಮಾತ್ರೆಯನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು, ಹಾಲೂಡಿಸುವವರಿಗೂ ಅದು ಸುರಕ್ಷಿತ. ಅದರಿಂದ ಸಾಲದಿದ್ದರೆ ಊಟವಾದ ಮೇಲೆ ಐಬುಪ್ರೊಫೆನ್ ಕೊಡುತ್ತಾರೆ. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಬಸಿರಿನಲ್ಲಿ ಬಿ.ಪಿ. ಏರಿದ್ದವರು ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು. ಮೆಡಿಕಲ್ ಶಾಪಿನಲ್ಲಿ 'ಗಟ್ಟಿ ನೋವಿನ ಮಾತ್ರೆ' ಎಂದು ಕೇಳಿ ತರಿಸುವುದು ಬೇಡ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳು ಹಾಲಿನ ಮೂಲಕ ಮಗುವಿಗೆ ತಲುಪಿ ಅದರ ಉಸಿರಾಟವನ್ನು ಮಂದಗೊಳಿಸಬಲ್ಲವು. ನೋವನ್ನು ಹಲ್ಲುಕಚ್ಚಿ ಸಹಿಸುವುದರಲ್ಲೂ ಯಾವ ಹೆಚ್ಚುಗಾರಿಕೆ ಇಲ್ಲ, ಏಕೆಂದರೆ ನೋವಿದ್ದವಳು ಕೂರಲಾರಳು, ಕೂರಲಾರದವಳು ನೆಮ್ಮದಿಯಾಗಿ ಹಾಲೂಡಿಸಲಾರಳು.

ಹೆರಿಗೆಯಾದ ಆರು ಗಂಟೆಯೊಳಗೆ ಮೂತ್ರ ಆಗಿರಬೇಕು. ಉರಿಯ ಹೆದರಿಕೆಯಿಂದ ತಡೆಹಿಡಿಯುವುದು ದೊಡ್ಡ ತಪ್ಪು, ಮೂತ್ರಕೋಶ ಅತಿಯಾಗಿ ಹಿಗ್ಗಿದರೆ ಆಮೇಲೆ ತಾನಾಗಿ ಖಾಲಿಯಾಗುವುದೇ ಕಷ್ಟವಾಗುತ್ತದೆ. ಉಗುರುಬೆಚ್ಚನೆಯ ನೀರನ್ನು ಒಂದು ಮಗ್‌ನಲ್ಲಿ ಹಿಡಿದು, ಮೂತ್ರ ಬರುವಾಗಲೇ ಮುಂದಿನಿಂದ ಸಣ್ಣಗೆ ಸುರಿದುಕೊಳ್ಳುತ್ತಿದ್ದರೆ ಮೂತ್ರ ತಿಳಿಯಾಗಿ ಗಾಯಕ್ಕೆ ತಾಗುವ ಉರಿ ಅರ್ಧಕ್ಕರ್ಧ ಇಳಿಯುತ್ತದೆ. ನನಗೆ ಇದನ್ನು ಹೇಳಿಕೊಟ್ಟವರು ಪಕ್ಕದ ಹಾಸಿಗೆಯ, ಮೂರನೆಯ ಹೆರಿಗೆಗೆ ಬಂದಿದ್ದ ಒಬ್ಬಾಕೆ. ಯಾವ ಔಷಧಿಗಿಂತಲೂ ಹೆಚ್ಚು ನೆನಪಿನಲ್ಲಿ ಉಳಿದ ಉಪಾಯ ಅದು.

ತೊಳೆಯುವುದು, ಒಣಗಿಸುವುದು

ಗಾಯವನ್ನು ಮಾಯಿಸುವ ಕೆಲಸ ಮೈಯದು, ನಮ್ಮ ಪಾಲಿಗಿರುವುದು ಅದನ್ನು ಶುಚಿಯಾಗಿ, ಒಣದಾಗಿ ಇಡುವುದಷ್ಟೆ. ಅದಕ್ಕೆ ಬರಿಯ ಶುದ್ಧ ನೀರು ಸಾಕು. ಡೆಟಾಲ್, ಸ್ಪಿರಿಟ್, ಅರಿಶಿನದ ಪುಡಿ, ಕೊಬ್ಬರಿ ಎಣ್ಣೆ, ಪರಿಮಳದ ಪೌಡರ್ ಯಾವುದೂ ಬೇಡ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಏಕೆಂದರೆ ಅದರ ಅಯೋಡಿನ್ ಮೈಗೆ ಹೀರಿ ಹಾಲಿನ ಮೂಲಕ ಮಗುವಿನ ಥೈರಾಯ್ಡ್ ಗ್ರಂಥಿಯನ್ನು ಕಾಡುವ ಸಾಧ್ಯತೆಯಿದೆ.

ತೊಳೆಯುವ ದಿಕ್ಕು ಮುಖ್ಯ. ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಎಂದರೆ ಮೂತ್ರದ್ವಾರದ ಕಡೆಯಿಂದ ಗುದದ್ವಾರದ ಕಡೆಗೆ ತೊಳೆಯಬೇಕೆಂಬುದು ಹೇಳಲು ಸುಲಭ. ಆದರೆ ಕುಕ್ಕರಗಾಲಿನಲ್ಲಿ ಕುಳಿತು ಎಡಗೈಯಲ್ಲಿ ತೊಳೆಯುವ ನಮ್ಮ ಅಭ್ಯಾಸದಲ್ಲಿ ಕೈ ತನಗೆ ತಿಳಿಯದೆಯೇ ಹಿಂದಿನಿಂದ ಮುಂದಕ್ಕೆ ಎಳೆಯುತ್ತದೆ, ಮಲದ ಅಂಶ ಸೀದಾ ಹೊಲಿಗೆಯ ಮೇಲೆ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಮೊದಲು ಮುಂದಿನ ಭಾಗಕ್ಕೆ ನೀರು ಸುರಿದು ತೊಳೆದುಕೊಂಡು, ಆಮೇಲೆ ಹಿಂದಿನಿಂದ ಕೈ ತಂದು ಗುದದ್ವಾರವನ್ನು ಮಾತ್ರ ಬೇರೆಯಾಗಿ ತೊಳೆದು, ಕೈಯನ್ನು ಹಿಂದಕ್ಕೇ ತೆಗೆಯುವುದು. ಕಮೋಡಿನ ಪಕ್ಕದ ಪಿಚಕಾರಿ ಬಳಸುವವರು ಅದರ ರಭಸವನ್ನು ತಗ್ಗಿಸಿ, ಮುಂದಿನಿಂದ ಹಿಂದಕ್ಕೆ ಹರಿಯುವಂತೆ ಹಿಡಿಯಬೇಕು. ಹಿಂದಿನಿಂದ ರಭಸವಾಗಿ ಹಾಯಿಸಿದರೆ ಕೊಳೆ ಮುಂದಕ್ಕೆ ಸಿಡಿಯುತ್ತದೆ. ತೊಳೆದ ಮೇಲೆ ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಬೇಕು, ಆ ಬಟ್ಟೆಯನ್ನು ಬೇರೆ ಯಾವುದಕ್ಕೂ ಬಳಸಬಾರದು. ಶೌಚದ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ಆಮೇಲಿನದನ್ನು ಎಲ್ಲರೂ ಮಾಡುತ್ತಾರೆ, ಮೊದಲಿನದನ್ನು ಮರೆಯುತ್ತಾರೆ.

ಪ್ಯಾಡನ್ನು ತುಂಬುವವರೆಗೆ ಕಾಯದೆ ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರು ಹಳೆಯ ಹತ್ತಿಸೀರೆಯ ತುಂಡುಗಳನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಅವನ್ನು ಯಾರಿಗೂ ಕಾಣಬಾರದೆಂದು ಬಚ್ಚಲಿನ ಮೂಲೆಯಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಒಣಹಾಕುವ ಅಭ್ಯಾಸದಿಂದ ಸೋಂಕು ಹುಟ್ಟುತ್ತದೆ. ಸಾಬೂನಿನಲ್ಲಿ ಒಗೆದು ಸುಡುಬಿಸಿಲಿನಲ್ಲಿ ಒಣಗಿಸಿದ ಬಟ್ಟೆ ಮಾತ್ರ ಗಾಯಕ್ಕೆ ತಾಗಲಿ. ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಬಿಸಿಲೇ ಇಲ್ಲದಿದ್ದರೆ ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಬೇಕು, ಇಲ್ಲವೇ ಆ ಕೆಲವು ವಾರ ಅಂಗಡಿಯ ಪ್ಯಾಡನ್ನೇ ಬಳಸಬೇಕು. ದಿನಕ್ಕೆ ಒಂದೆರಡು ಬಾರಿ, ಬಾಗಿಲು ಮುಚ್ಚಿಕೊಂಡು, ಹಳೆಯ ಬಟ್ಟೆಯೊಂದನ್ನು ಹಾಸಿ ಒಳಉಡುಪಿಲ್ಲದೆ ಹತ್ತು ನಿಮಿಷ ಮಲಗಿದರೆ ಗಾಯಕ್ಕೆ ಗಾಳಿಯಾಡುತ್ತದೆ.

ಮೊದಲ ದಿನ ಕಳೆದ ಮೇಲೆ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು ಅನೇಕರಿಗೆ ಹಿತವಾಗುತ್ತದೆ. ಕಮೋಡಿನ ಮೇಲೆ ಕೂರಿಸುವ ಬೋಗುಣಿಯೋ ಅಗಲವಾದ ಪ್ಲಾಸ್ಟಿಕ್ ಟಬ್ಬೋ ಸಾಕು. ನೀರಿನ ಬಿಸಿ ಎಳೆಮಗುವಿನ ಮೈಮೇಲೆ ಸುರಿಯಬಹುದಾದಷ್ಟೇ ಇರಲಿ, ಹತ್ತು ನಿಮಿಷ ಕೂತು ಎದ್ದು ಒಣಗಿಸಿಕೊಳ್ಳಲಿ, ದಿನಕ್ಕೆ ಎರಡು ಮೂರು ಬಾರಿ ಸಾಕು. ಉಪ್ಪು ಹಾಕಿದರೆ ಬೇಗ ಮಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಟ್ಟೆ ನೆನೆಹಾಕುವ ಬಕೆಟ್ಟನ್ನು ಇದಕ್ಕೆ ಬಳಸಬಾರದು.

ಮಲಬದ್ಧತೆ: ನಿಜವಾದ ವೈರಿ

ಹೊಲಿಗೆಯ ಬಗ್ಗೆ ಬಾಣಂತಿಗಿರುವ ಅತಿ ದೊಡ್ಡ ಹೆದರಿಕೆ ಮೊದಲ ಸಲದ ಮಲವಿಸರ್ಜನೆ. ಅದು ಎರಡನೆಯ ಅಥವಾ ಮೂರನೆಯ ದಿನ ಬರುತ್ತದೆ. ಹೊಲಿಗೆ ಬಿಟ್ಟುಹೋದೀತೆಂದು ಆಕೆ ತಡೆಯುತ್ತಾಳೆ, ತಡೆದಷ್ಟೂ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಹೆದರಿಕೆ ಹೆಚ್ಚುತ್ತದೆ. ಮಲ ಹೋಗುವುದರಿಂದ ಹೊಲಿಗೆ ಹರಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆಯ ಜಾಗಕ್ಕೆ ಒಗೆದ ಬಟ್ಟೆಯ ಮಡಿಕೆಯನ್ನೋ ಹೊಸ ಪ್ಯಾಡನ್ನೋ ಮುಂದಿನಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ ಹಿಡಿದುಕೊಂಡು, ಬಾಯಿ ತೆರೆದು ಉಸಿರು ಬಿಡುತ್ತ, ಮುಕ್ಕರಿಯದೆ ಕೂತರೆ ಆ ಕ್ಷಣ ಎಣಿಸಿದ್ದಕ್ಕಿಂತ ಹಗುರವಾಗಿ ಕಳೆಯುತ್ತದೆ.

ಕಮೋಡಿದ್ದರೆ ಮೊದಲ ಒಂದೆರಡು ವಾರ ಅದೇ ಒಳ್ಳೆಯದು. ಕಾಲಡಿಗೆ ಒಂದು ಮಣೆ ಇಟ್ಟು ಮೊಣಕಾಲನ್ನು ಸೊಂಟಕ್ಕಿಂತ ತುಸು ಎತ್ತರಿಸಿಕೊಂಡರೆ ಮುಕ್ಕರಿಯುವ ಅಗತ್ಯ ಕಡಿಮೆಯಾಗುತ್ತದೆ. ನೆಲದ ಪಾಯಿಖಾನೆಯಷ್ಟೇ ಇರುವ ಮನೆಯಲ್ಲಿ ನಡುವೆ ತೂತಿರುವ ಪ್ಲಾಸ್ಟಿಕ್ ಕಮೋಡ್ ಕುರ್ಚಿಯನ್ನು ಅದರ ಮೇಲಿಟ್ಟು ಬಳಸಬಹುದು. ಅದೂ ಆಗದಿದ್ದರೆ ಗೋಡೆಯನ್ನೋ ಕಂಬಿಯನ್ನೋ ಹಿಡಿದು ನಿಧಾನ ಕುಳಿತು ಬೇಗ ಏಳಬೇಕು.

ಈಗ ಬಾಣಂತನದ ಪಥ್ಯದ ವಿಷಯ. ಇದರಲ್ಲಿ ನಾನು ಹಿರಿಯರೊಡನೆ ನೇರವಾಗಿ ಜಗಳಕ್ಕೆ ನಿಲ್ಲುತ್ತೇನೆ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಬಾಣಂತಿಗೆ ನೀರು ಅಳೆದು ಕೊಡುತ್ತಾರೆ, ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಾರೆ. ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ ಬಿಟ್ಟರೆ ತರಕಾರಿಗೂ ಹಣ್ಣಿಗೂ ಬಾಗಿಲು ಮುಚ್ಚಿರುತ್ತದೆ. ನಂಜೇರುತ್ತದೆಂದು ಬದನೆ, ಕುಂಬಳ, ಬೇಳೆ, ಮೊಟ್ಟೆಗಳನ್ನೂ ಕೊಡದ ಮನೆಗಳುಂಟು. ಇತ್ತ ರಕ್ತಹೀನತೆ ತಡೆಯಲು ಸರ್ಕಾರದ ಕಾರ್ಯಕ್ರಮದಂತೆ ಹೆರಿಗೆಯ ನಂತರ 180 ದಿನ ನುಂಗಬೇಕಾದ 60 ಮಿ.ಗ್ರಾಂ. ಕಬ್ಬಿಣಾಂಶದ ಮಾತ್ರೆಯೂ ಮಲವನ್ನು ಗಟ್ಟಿ ಮಾಡುತ್ತದೆ, ಕಪ್ಪಾಗಿಸುತ್ತದೆ. ನೀರಿಲ್ಲ, ನಾರಿಲ್ಲ, ಮೇಲೆ ಕಬ್ಬಿಣ: ನಾಲ್ಕನೆಯ ದಿನ ಕಲ್ಲಿನಂಥ ಮಲ ಬರದಿದ್ದರೆ ಅದೇ ಆಶ್ಚರ್ಯ. ಹಾಗೆಂದು ಕಬ್ಬಿಣದ ಮಾತ್ರೆಯನ್ನು ಬಿಡಬಾರದು, ರಕ್ತ ಕಡಿಮೆಯಿದ್ದರೆ ಗಾಯ ಮಾಯುವುದೇ ನಿಧಾನವಾಗುತ್ತದೆ. ಬಿಡಬೇಕಾದದ್ದು ನೀರಿನ ಮೇಲಿನ ನಿರ್ಬಂಧವನ್ನು.

ಹಾಲೂಡಿಸುವವಳಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ನೀರಿನಂಶ ಬೇಕು. ತಣ್ಣೀರು ಬೇಡವೆಂದರೆ ಕಾಯಿಸಿ ಆರಿಸಿದ ನೀರು, ಜೀರಿಗೆ ನೀರು, ತಿಳಿ ಸಾರು, ರಾಗಿ ಅಂಬಲಿ ಯಾವುದಾದರೂ ಆಗಲಿ, ಹೊಟ್ಟೆಗೆ ಇಳಿಯಬೇಕು. ಸಬ್ಬಸಿಗೆ ಸೊಪ್ಪಿನ ಪಲ್ಯ ಬಾಣಂತಿಗೆ ಕೊಡುವ ಪದ್ಧತಿ ನಮ್ಮಲ್ಲೇ ಇದೆ, ಅದರ ಸಾಲಿಗೆ ಉಳಿದ ಸೊಪ್ಪುಗಳನ್ನೂ ಸೇರಿಸಿಕೊಂಡರಾಯಿತು. ಜೋಳದ ರೊಟ್ಟಿ, ಹೆಸರುಕಾಳು, ನೆನೆಸಿದ ಒಣದ್ರಾಕ್ಷಿ, ಬಾಳೆಹಣ್ಣು, ಪಪ್ಪಾಯಿ ಎಲ್ಲವೂ ಸರಿ. ಹರಿದ ಸ್ನಾಯು ಮತ್ತೆ ಕೂಡಲು ಪ್ರೋಟೀನು ಬೇಕಾದ್ದರಿಂದ ಬೇಳೆ, ಮೊಟ್ಟೆ, ಮೀನುಗಳನ್ನು ನಂಜೆಂದು ನಿಲ್ಲಿಸುವುದು ಗಾಯಕ್ಕೆ ಮಾಡುವ ಅನ್ಯಾಯ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಅಂಟಿನ ಉಂಡೆ, ಅಳವಿ ಪಾಯಸಗಳ ಬೆಲ್ಲದ ಲೆಕ್ಕ ಇಡಬೇಕು, ಏಕೆಂದರೆ ಸಕ್ಕರೆ ಏರಿದ ರಕ್ತದಲ್ಲಿ ಗಾಯ ಮಾಯದು. ಇಷ್ಟಾದರೂ ಮಲ ಗಟ್ಟಿಯಾದರೆ ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಾರೆ. ಇಸಬ್ಗೋಲ್ ತೆಗೆದುಕೊಂಡರೆ ಅದರ ಮೇಲೆ ದೊಡ್ಡ ಲೋಟ ನೀರು ಕುಡಿಯಲೇಬೇಕು, ನೀರಿಲ್ಲದ ಇಸಬ್ಗೋಲ್ ಕರುಳಿನಲ್ಲಿ ಗಂಟಾಗುತ್ತದೆ. ಹರಳೆಣ್ಣೆಯ ಭೇದಿ ಈ ಹೊತ್ತಿಗೆ ಬೇಡ.

ಬಿಸಿನೀರು, ಕೆಂಡ, ಹೊಗೆ, ಬಿಗಿ ಪಟ್ಟಿ

ಬಾಣಂತಿ ಸ್ನಾನವನ್ನು ನಾನು ಬೇಡವೆನ್ನುವುದಿಲ್ಲ. ಬೆನ್ನಿಗೆ ಬೀಳುವ ಹಂಡೆಯ ಬಿಸಿನೀರಿನ ಸುಖವನ್ನು ನಾನೂ ಕಂಡಿದ್ದೇನೆ. ಆದರೆ ನೀರು ಹಾಕುವವರ ಕೈಗೆ ಒಗ್ಗಿದ ಬಿಸಿ ಬೇರೆ, ಹೊಸ ಹೊಲಿಗೆ ತಡೆಯುವ ಬಿಸಿ ಬೇರೆ. ಸುಡುನೀರನ್ನು ತೊಡೆಸಂದಿಗೆ ರಪರಪನೆ ಎರಚುವ ಪದ್ಧತಿಯನ್ನು ಬಿಟ್ಟು, ಆ ಭಾಗಕ್ಕೆ ಬಾಣಂತಿಯೇ ಉಗುರುಬೆಚ್ಚನೆಯ ನೀರು ಸುರಿದುಕೊಳ್ಳಲಿ. ಎಣ್ಣೆ ನೀವುವಾಗ ಅದು ಗಾಯದತ್ತ ಇಳಿಯದಂತೆ ನೋಡಿಕೊಳ್ಳಬೇಕು, ಎಣ್ಣೆಯ ಜಿಡ್ಡಿನಲ್ಲಿ ಗಾಯ ಒದ್ದೆಯಾಗಿಯೇ ಉಳಿಯುತ್ತದೆ. ತಗ್ಗಿನ ಮಣೆಯ ಮೇಲೆ ಕಾಲಗಲಿಸಿ ಅರ್ಧ ಗಂಟೆ ಕೂರಿಸುವ ಬದಲು ಪ್ಲಾಸ್ಟಿಕ್ ಸ್ಟೂಲ್ ಕೊಡಿ.

ಉತ್ತರ ಕರ್ನಾಟಕದ ಕಡೆ ಹೊರಸಿನ ಕೆಳಗೆ ಕೆಂಡವಿಟ್ಟು ಬಾಣಂತಿಗೆ ಕಾವು ಕೊಡುವುದು, ಅಜವಾನ, ಲೋಬಾನಗಳ ಹೊಗೆಯನ್ನು ಕೆಳಗಿನಿಂದ ಹಾಯಿಸುವುದು ಈಗಲೂ ಇದೆ. ಬಾವಿನಿಂದ ಮರಗಟ್ಟಿದ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟ ಮೇಲಷ್ಟೇ ಗೊತ್ತಾಗುತ್ತದೆ. ಹೊಲಿಗೆಯ ಮೇಲೆ ಸುಟ್ಟಗಾಯವಾದರೆ ಎರಡನ್ನೂ ಮಾಯಿಸುವುದು ಬಲು ಕಷ್ಟ, ಆ ಹೊಗೆ ಕೋಣೆಯಲ್ಲೇ ಇರುವ ಎಳೆಗೂಸಿನ ಶ್ವಾಸಕೋಶಕ್ಕೂ ಕೇಡು. ಮೈ ಬೆಚ್ಚಗಿರಬೇಕೆಂದರೆ ಕಂಬಳಿ ಇದೆ, ಕಾಲುಚೀಲ ಇದೆ. ಯೋನಿಯೊಳಗೆ ಬಟ್ಟೆ, ಸೊಪ್ಪು, ಔಷಧದ ಉಂಡೆ ಏನನ್ನೂ ತುರುಕಬಾರದು. ಸೀರೆಯನ್ನು ಹೊಟ್ಟೆಗೆ ಉಸಿರುಗಟ್ಟುವಂತೆ ಸುತ್ತಿ ಕಟ್ಟಿದರೆ ಒತ್ತಡವೆಲ್ಲ ಕೆಳಕ್ಕೆ, ಹೊಲಿಗೆಯ ಕಡೆಗೆ ಇಳಿಯುತ್ತದೆ. ಕಟ್ಟಲೇಬೇಕೆಂದರೆ ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ.

ಕೂರುವ ಬಗ್ಗೆ ಎರಡು ಮಾತು. ಕೆಲವು ದಿನ ಚಕ್ಕಳಮಕ್ಕಳ ಹಾಕಿ ಕೂರುವುದು ಹೊಲಿಗೆಯನ್ನು ಜಗ್ಗುತ್ತದೆ, ನೋವು ಬಿಟ್ಟ ಮೇಲೆ ಕೂರಬಹುದು. ಗಾಳಿ ತುಂಬಿದ ಟ್ಯೂಬಿನ ಮೇಲೆ ಗಂಟೆಗಟ್ಟಲೆ ಕೂತರೆ ನಡುವಿನ ಭಾಗಕ್ಕೆ ಆಧಾರವಿಲ್ಲದೆ ಬಾವು ಹೆಚ್ಚಬಹುದು, ಮೆತ್ತನೆಯ ದಿಂಬೇ ವಾಸಿ. ರಾತ್ರಿ ಪಕ್ಕಕ್ಕೆ ಮಲಗಿ ಹಾಲೂಡಿಸುವುದನ್ನು ರೂಢಿಸಿಕೊಂಡರೆ ಗಾಯಕ್ಕೆ ಅರ್ಧ ವಿಶ್ರಾಂತಿ ಸಿಕ್ಕಂತೆ. ಮನೆಯೊಳಗೆ ಓಡಾಡಲೇಬೇಕು, ಕೊಡ ಎತ್ತಬಾರದು.

ಕನ್ನಡಿ ಹಿಡಿದು ನೋಡಿಕೊಳ್ಳುವುದು

ನೋಡದ ಗಾಯ ಹೇಗಿದೆಯೆಂದು ಯಾರಿಗೂ ತಿಳಿಯದು. ಬೆಳಕಿರುವ ಹೊತ್ತಿನಲ್ಲಿ ಮಲಗಿ, ಮೊಣಕಾಲು ಮಡಿಸಿ, ಅಂಗೈಯಗಲದ ಕನ್ನಡಿಯನ್ನು ಹಿಡಿದು ಎರಡು ದಿನಕ್ಕೊಮ್ಮೆ ನೋಡಿಕೊಳ್ಳಬೇಕು. ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು. ಊದಿಕೊಂಡ, ನೇರಳೆಗಟ್ಟಿದ ಜಾಗವೊಂದರಲ್ಲಿ ಇರುವೆಸಾಲಿನಂತೆ ದಾರದ ತುದಿಗಳು ಕಂಡವು. ನಾಲ್ಕು ದಿನ ಬಿಟ್ಟು ನೋಡಿದಾಗ ಅದೇ ಜಾಗ ತೆಳ್ಳಗಿನ ಕೆಂಪು ಗೆರೆಯಾಗಿತ್ತು, ಆಮೇಲೆ ಹೆದರಿಕೆಯೇ ಹೋಯಿತು. ತನಗಾಗದಿದ್ದರೆ ತಾಯಿಯೋ ಅಕ್ಕನೋ ಗಂಡನೋ ನೋಡಬಹುದು.

ಮೊದಲ ಮೂರು ದಿನ ಬಾವು ಇರುವುದು ಸಹಜ. ವಾರದ ಹೊತ್ತಿಗೆ ದಾರ ಬಿಗಿದಂತೆ ಎಳೆಯುತ್ತದೆ, ಆಮೇಲೆ ನವೆ ಶುರುವಾಗುತ್ತದೆ, ಅದು ಮಾಯುತ್ತಿರುವ ಗುರುತು. ಚರ್ಮ ಎರಡು ವಾರದಲ್ಲಿ ಕೂಡಿಕೊಳ್ಳುತ್ತದೆ, ಕರಗುವ ದಾರದ ಗಂಟುಗಳು ಎರಡು ಮೂರು ವಾರಗಳಲ್ಲಿ ಪ್ಯಾಡಿನ ಮೇಲೆ ಉದುರುತ್ತವೆ, ಅದನ್ನು ಕಂಡು ಹೊಲಿಗೆ ಬಿಟ್ಟಿತೆಂದು ಗಾಬರಿಯಾಗಬಾರದು. ಒಳಗಿನ ಸ್ನಾಯು ಗಟ್ಟಿಯಾಗಲು ಆರು ವಾರವಾದರೂ ಬೇಕು. ಗರ್ಭಕೋಶದಿಂದ ಬರುವ ಸ್ರಾವ ಕೆಂಪಿನಿಂದ ಕಂದಿಗೆ, ಕಂದಿನಿಂದ ಬಿಳಿಚಿಗೆ ತಿರುಗುತ್ತ ನಾಲ್ಕರಿಂದ ಆರು ವಾರ ಇರುತ್ತದೆ, ಅದಕ್ಕೂ ಗಾಯಕ್ಕೂ ಸಂಬಂಧವಿಲ್ಲ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಬೇರೆಯೇ ಇವೆ. ಮೊದಲ ದಿನವೇ ನೋವು ಮಾತ್ರೆಗೂ ಬಗ್ಗದೆ ಏರುತ್ತ ಹೋಗಿ, ಗುದದ್ವಾರದ ಮೇಲೆ ಏನೋ ಒತ್ತಿದಂತಾಗಿ, ಒಂದು ಬದಿ ಗಟ್ಟಿಯಾಗಿ ಉಬ್ಬಿದರೆ ಒಳಗೆ ರಕ್ತ ಗಡ್ಡೆಗಟ್ಟುತ್ತಿದೆ ಎಂದರ್ಥ, ಅದು ತುರ್ತು. ಒಂದು ಪ್ಯಾಡ್ ಒಂದೇ ಗಂಟೆಯಲ್ಲಿ ನೆನೆದುಹೋದರೆ, ದೊಡ್ಡ ದೊಡ್ಡ ಗಡ್ಡೆಗಳು ಬಿದ್ದರೆ 108ಕ್ಕೆ ಕರೆ ಮಾಡಬೇಕು. ಮೂರು ದಿನ ಕಳೆದು ಇಳಿಯಬೇಕಾದ ನೋವು ಏರತೊಡಗಿದರೆ, ಕೆಟ್ಟ ವಾಸನೆ, ಕೀವು, ಸುತ್ತಲಿನ ಚರ್ಮ ಕೆಂಪಾಗಿ ಬಿಸಿಯಾಗುವುದು, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ತೋರಿಸಬೇಕು. ಮೂರನೆಯ, ನಾಲ್ಕನೆಯ ದಿನದ ಜ್ವರವನ್ನು 'ಎದೆ ಬಿಗಿದಿದೆ, ಹಾಲಿನ ಜ್ವರ' ಎಂದು ತಳ್ಳಿಹಾಕುವ ವಾಡಿಕೆ ಬಹಳ. ಹಾಲಿನದೇ ಇರಬಹುದು, ಆದರೆ ಗಾಯವನ್ನು ನೋಡದೆ ಹಾಗೆ ತೀರ್ಮಾನಿಸಬಾರದು. ಹೊಲಿಗೆ ಬಾಯಿಬಿಟ್ಟಿದ್ದರೂ ಎಲ್ಲ ಮುಗಿಯಿತೆಂದಲ್ಲ. ಸೋಂಕಿಗೆ ಔಷಧ ಕೊಟ್ಟು, ಗಾಯವನ್ನು ತಳದಿಂದ ತಾನಾಗಿ ತುಂಬಲು ಬಿಡುತ್ತಾರೆ, ಕೆಲವೊಮ್ಮೆ ಮತ್ತೆ ಹೊಲಿಯುತ್ತಾರೆ. ಮನೆಯಲ್ಲಿ ಪೌಡರ್ ಉದುರಿಸಿ ಕಾಯುವುದು ಮಾತ್ರ ಬೇಡ. ಹೋಗಬೇಕೋ ಬೇಡವೋ ಎಂಬ ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕನ್ನಡದಲ್ಲೇ ಕೇಳಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬ ನಿಯಮವಿದೆ. ಆಕೆ ಮಗುವನ್ನು ತೂಗಿ ಹೊರಟುಬಿಡುವ ಮೊದಲು ಗಾಯದ ಮಾತನ್ನು ನಾವೇ ಎತ್ತಬೇಕು.

ಮೂರನೆಯ ಅಥವಾ ನಾಲ್ಕನೆಯ ಹಂತದ ಗಾಯವಾದವರಿಗೆ ಆಂಟಿಬಯೋಟಿಕ್ ಮತ್ತು ಸುಮಾರು ಹತ್ತು ದಿನ ಮಲ ಮೃದುವಾಗಿಸುವ ಔಷಧ ಕಡ್ಡಾಯವಾಗಿ ಬೇಕು, ಅವನ್ನು ನಡುವೆ ನಿಲ್ಲಿಸಬಾರದು. ಗಾಳಿ ತಡೆಯಲಾಗದಿರುವುದು, ಮಲ ಒಳಉಡುಪಿಗೆ ತಾಗುವುದು, ಯೋನಿಯ ಮೂಲಕ ಗಾಳಿಯೋ ಮಲವೋ ಬರುವುದು ಇವನ್ನು ಹೇಳಿಕೊಳ್ಳಲಾಗದೆ ವರ್ಷಗಟ್ಟಲೆ ಮದುವೆ, ಜಾತ್ರೆ, ಬಸ್ ಪ್ರಯಾಣಗಳನ್ನೆಲ್ಲ ಬಿಟ್ಟು ಬದುಕುವ ಹೆಂಗಸರಿದ್ದಾರೆ. ಇವಕ್ಕೆ ಚಿಕಿತ್ಸೆ ಇದೆ. ಸರಿಯಾಗಿ ಹೊಲಿದ ಗುದಸ್ನಾಯುವಿನ ಗಾಯದವರಲ್ಲಿ ಶೇ. 60ರಿಂದ 80ರಷ್ಟು ಮಂದಿ ವರ್ಷ ತುಂಬುವಷ್ಟರಲ್ಲಿ ಯಾವ ತೊಂದರೆಯೂ ಇಲ್ಲದೆ ಇರುತ್ತಾರೆ. ಮುಂದಿನ ಬಸಿರಿನಲ್ಲಿ ಮೊದಲ ತಪಾಸಣೆಯಲ್ಲೇ ಈ ಹಳೆಯ ಗಾಯದ ವಿಷಯ ಹೇಳಿ ಚೀಟಿ ತೋರಿಸಬೇಕು.

ನೋವು ತುಸು ಇಳಿದೊಡನೆ ಕಟಿತಳದ ಸ್ನಾಯುಗಳ ವ್ಯಾಯಾಮ ಶುರುಮಾಡಬಹುದು. ಗಾಳಿಯನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವಂತೆ ಒಳಗೆ ಮೇಲಕ್ಕೆ ಎಳೆದು, ಉಸಿರು ಕಟ್ಟದೆ ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಎಂಟು ಹತ್ತು ಸಲದ ಒಂದು ಸುತ್ತು, ದಿನಕ್ಕೆ ಮೂರು ಸುತ್ತು, ಕನಿಷ್ಠ ಮೂರು ತಿಂಗಳು. ಹಾಲೂಡಿಸಲು ಕೂತಾಗಲೆಲ್ಲ ಮಾಡಿದರೆ ಮರೆಯುವುದಿಲ್ಲ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಮಾತ್ರ ಸರಿಯಲ್ಲ.

ದಾಂಪತ್ಯದ ಕೂಟಕ್ಕೆ ಇಂತಿಷ್ಟೇ ದಿನವೆಂಬ ಲೆಕ್ಕವಿಲ್ಲ. ಸ್ರಾವ ನಿಂತು, ಗಾಯ ಮಾಯ್ದು, ಆಕೆಗೆ ಮನಸ್ಸು ಬರಬೇಕು. ಆರು ವಾರವೆಂಬುದು ಕಾಯಬೇಕಾದ ಅವಧಿಯ ರೂಢಿಯ ಅಳತೆಯೇ ಹೊರತು ಅಂದಿನಿಂದ ಶುರುವಾಗಲೇಬೇಕೆಂಬ ಆಜ್ಞೆಯಲ್ಲ. ಹಾಲೂಡಿಸುವ ಕಾಲದಲ್ಲಿ ಈಸ್ಟ್ರೊಜೆನ್ ತಗ್ಗಿರುವುದರಿಂದ ಯೋನಿ ಒಣಗಿರುತ್ತದೆ, ನೀರಿನ ಮೂಲದ ಲೂಬ್ರಿಕೆಂಟ್ ಜೆಲ್ ಬಳಸಿದರೆ ಗಾಯದ ಗೆರೆ ಉರಿಯುವುದಿಲ್ಲ. ಮುಟ್ಟು ಮರಳುವ ಮೊದಲೇ ಬಸಿರಾಗಬಹುದು ಎಂಬುದೂ ನೆನಪಿರಲಿ.

ಆರನೆಯ ವಾರಕ್ಕೆ ಮಗುವಿಗೆ ಪೆಂಟಾವೇಲೆಂಟ್ ಮತ್ತು ಪೋಲಿಯೊದ ಲಸಿಕೆ ಇರುತ್ತದೆ. ಆ ದಿನವನ್ನು ಮನೆಯಲ್ಲಿ ಯಾರೂ ಮರೆಯುವುದಿಲ್ಲ, ಆಟೋ ಹೇಳಿರುತ್ತಾರೆ, ತಾಯಿ ಕಾರ್ಡ್ ತೆಗೆದಿಟ್ಟಿರುತ್ತಾರೆ. ಅದೇ ಕಾರ್ಡಿನ ಜೊತೆ ಡಿಸ್ಚಾರ್ಜ್ ಚೀಟಿಯನ್ನೂ ಇಟ್ಟುಕೊಂಡು, ಮಗುವಿನ ತೊಡೆಗೆ ಸೂಜಿ ಚುಚ್ಚಿಸಿದ ಮೇಲೆ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಬಾಣಂತಿ ಪಕ್ಕದ ಕೋಣೆಗೆ ಹೋಗಿ "ನನ್ನ ಹೊಲಿಗೆಯನ್ನೂ ಒಮ್ಮೆ ನೋಡಿ" ಎಂದು ಕೇಳಬೇಕು.